ವಿದೇಶದ ಮಾಂಸದಂಗಡಿಯಲ್ಲಿ ನಮ್ಮ ಹೆಣ್ಣುಮಕ್ಕಳು

ಈದುಲ್ ಫಿತ್ರ್‌ನ ರಾತ್ರಿ. ನೆಂಟರೆಲ್ಲ ಹೋಗಿ, ಪಾತ್ರೆ ತೊಳೆದಿಟ್ಟು ಮಲಗುವ ಹೊತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಮದುವೆಯಾಗಿ ಅಲ್ಲಿಗೆ ಹೋಗಿ ಐದು ತಿಂಗಳಾಗಿತ್ತಷ್ಟೆ. ಸಲಾಮ್ ಹೇಳಿದಳು, ಈದ್ ಮುಬಾರಕ್ ಹೇಳಿದಳು, ಆ ಬಳಿಕ ಅಳತೊಡಗಿದಳು. ನನಗೆ ಗಾಬರಿಯಾಯಿತು.

ವಿಷಯ ಇಷ್ಟೆ. ಪತಿಯ ಸಹೋದ್ಯೋಗಿಗಳ ಮೂರು ಕುಟುಂಬಗಳನ್ನು ಅವಳು ಈದ್ ಊಟಕ್ಕೆ ಕರೆದಿದ್ದಳು. ಊರಿನಲ್ಲಿ ತಾಯಿ ಮಾಡುತ್ತಿದ್ದಂತೆ ತುಪ್ಪದನ್ನ ಮತ್ತು ಬೀಫ್ ಗಸಿ ಮಾಡಬೇಕೆಂಬ ಆಸೆ. ಅಮೇರಿಕದಲ್ಲಿರುವ ಗೆಳತಿಯೊಬ್ಬಳು, "ಬಾಟಮ್ ರೌಂಡ್ ತಗೋ, ಅಗ್ಗವೂ ಹೌದು, ಗಸಿಗೂ ಆಗುತ್ತದೆ" ಎಂದಿದ್ದಳು. ಆದರೆ ಬರ್ಮಿಂಗ್‌ಹ್ಯಾಮ್‌ನ ಅಂಗಡಿಯವನಿಗೆ ಆ ಹೆಸರೇ ಗೊತ್ತಿರಲಿಲ್ಲ. ಬಾಟಮ್ ಎಂದರೆ ಹಿಂಭಾಗವಿರಬೇಕೆಂದು ಊಹಿಸಿ 'ರಂಪ್' ತೂಗಿ ಕೊಟ್ಟ. ಬೆಲೆ ಕೇಳಿ ಇವಳ ಎದೆ ಧಸಕ್ಕೆಂದಿತು. ಆದರೂ ಹಿಂದೆ ಸಾಲಿನಲ್ಲಿ ನಿಂತವರನ್ನು ನೋಡಿ ಸಂಕೋಚವಾಗಿ ದುಡ್ಡು ಕೊಟ್ಟು ಬಂದಳು. ತಾಯಿ ಹೇಳಿಕೊಟ್ಟಂತೆ ಕುಕ್ಕರಿನಲ್ಲಿ ಮುಕ್ಕಾಲು ಗಂಟೆ ಬೇಯಿಸಿದಳು. ಮುಚ್ಚಳ ತೆರೆದಾಗ ಮಾಂಸ ಒಣಗಿದ ತೆಂಗಿನ ನಾರಿನಂತಾಗಿತ್ತು.

"ಎಲ್ಲರೂ ಮಸಾಲೆ ಚೆನ್ನಾಗಿದೆ ಅಂದರು ಟೀಚರ್. ಮಾಂಸದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಡಿಗ್ರಿ ಮಾಡಿದ್ದೇನೆ, ಒಂದು ಕಿಲೋ ಮಾಂಸ ತರಲಿಕ್ಕೆ ನನಗೆ ಬರುವುದಿಲ್ಲ" ಎಂದಳು.

ಓದುಗ ಸೋದರಿಯರೇ, ಇದನ್ನು ಕೇಳಿ ನಗು ಬರಬಹುದು. ನನಗೆ ನಗು ಬರಲಿಲ್ಲ. ಏಕೆಂದರೆ ಇದರಲ್ಲಿ ಅವಳ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚು. ನಮ್ಮ ಹೆಚ್ಚಿನ ಮನೆಗಳಲ್ಲಿ ಮಾಂಸ ತರುವುದು ಗಂಡಸರ ಕೆಲಸ. ಪೊಟ್ಟಣ ಅಡುಗೆಮನೆಗೆ ಬಂದ ಮೇಲಷ್ಟೇ ನಮ್ಮ ಕೆಲಸ ಶುರುವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಮಾಂಸಕ್ಕೆ ಬೇರೆ ಬೇರೆ ಹೆಸರೂ ಇಲ್ಲ. ಎಲುಬು ಇರುವುದು, ಎಲುಬು ಇಲ್ಲದ್ದು, ಖೀಮಾ, ಲಿವರ್, ಕಾಲು; ಇಷ್ಟರಲ್ಲಿ ಮುಗಿಯಿತು. ಅಂಗಡಿಯವರು ನಾಲ್ಕೈದು ಕಡೆಯ ಮಾಂಸವನ್ನು ಸೇರಿಸಿ ತೂಗುತ್ತಾರೆ. ಹೀಗೆ ಬೆಳೆದ ಹುಡುಗಿ ಪರದೇಶದಲ್ಲಿ, ಪತಿ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಮೂವತ್ತು ಬಗೆಯ ಹೆಸರಿನ ಚೀಟಿ ಅಂಟಿಸಿದ ಗಾಜಿನ ಪೆಟ್ಟಿಗೆಯ ಮುಂದೆ ಒಬ್ಬಳೇ ನಿಂತರೆ ಏನು ಮಾಡಿಯಾಳು?

ಮರುದಿನ ನಾನು ಅವಳ ತಾಯಿಯ ಮನೆಗೆ ಹೋದೆ. ಆ ತಾಯಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಾನು ರಂಪ್, ರೌಂಡ್ ಎಂದು ವಿವರಿಸುವುದನ್ನು ಸುಮ್ಮನೆ ಕೇಳಿದರು. ಬಳಿಕ, "ಆ ಹೆಸರುಗಳೆಲ್ಲ ಇರಲಿ. ಅದು ದನದ ಯಾವ ಕಡೆಯದ್ದು ಎಂದು ಇವಳು ಕೇಳಿದಳಾ?" ಎಂದರು.

ಇಡೀ ಸಮಸ್ಯೆಗೆ ಉತ್ತರ ಆ ಒಂದು ಪ್ರಶ್ನೆಯಲ್ಲಿತ್ತು. ಮಗಳಿಗೆ ಅಕ್ಷರ ಗೊತ್ತು, ಮಾಂಸ ಗೊತ್ತಿಲ್ಲ. ತಾಯಿಗೆ ಮಾಂಸ ಗೊತ್ತು, ಅಕ್ಷರ ಗೊತ್ತಿಲ್ಲ. ಇಬ್ಬರ ನಡುವೆ ಕುಳಿತು ನಾನು ಬರೆದುಕೊಂಡ ಟಿಪ್ಪಣಿಯೇ ಈ ಲೇಖನ.

ಹೆಸರಿಗಿಂತ ಜಾಗ ಮುಖ್ಯ

ದೇಶ ಬದಲಾದರೆ ಹೆಸರು ಬದಲಾಗುತ್ತದೆ. ಆದರೆ ದನಕ್ಕೆ ಎಲ್ಲ ದೇಶಗಳಲ್ಲೂ ನಾಲ್ಕೇ ಕಾಲು, ಒಂದೇ ಬೆನ್ನು. ಯಾವ ಭಾಗ ಹೆಚ್ಚು ದುಡಿಯುತ್ತದೆ ಎಂಬುದೂ ಬದಲಾಗುವುದಿಲ್ಲ. ಕಾಲು, ಕುತ್ತಿಗೆ ಮತ್ತು ಭುಜ ಇಡೀ ದಿನ ದುಡಿಯುವ ಭಾಗಗಳು. ಅಲ್ಲಿನ ಮಾಂಸದಲ್ಲಿ ಕೊಲಾಜನ್ ಎಂಬ ಬಿಗಿಯಾದ ನಾರು ಹೆಚ್ಚು. ನೀರು ಅಥವಾ ಮಸಾಲೆಯ ರಸದಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದಾಗ ಈ ನಾರು ಕರಗಿ ಜೆಲಾಟಿನ್ ಆಗುತ್ತದೆ. ನಮ್ಮ ಗಸಿಯ ರಸ ಬೆರಳಿಗೆ ಅಂಟುವುದು, ನಹಾರಿ ದಪ್ಪಗಾಗುವುದು ಇದರಿಂದಲೇ.

ಬೆನ್ನಿನ ಉದ್ದಕ್ಕೂ ಇರುವ ಮಾಂಸ ಅಷ್ಟು ದುಡಿಯುವುದಿಲ್ಲ. ಅದು ಮೆದು. ಬೆನ್ನೆಲುಬಿನ ಒಳಬದಿಯಲ್ಲಿ ಅಡಗಿರುವ ಉದ್ದನೆಯ ತುಂಡು ಎಲ್ಲಕ್ಕಿಂತ ಮೆದು. ಇಂತಹ ಮಾಂಸವನ್ನು ಬಿಸಿ ಕಾವಲಿಯಲ್ಲಿ ಬೇಗ ಬೇಯಿಸಿ ತಿನ್ನಬೇಕು. ಹೆಚ್ಚು ಹೊತ್ತು ಬೇಯಿಸಿದರೆ ಕರಗಲು ಅದರಲ್ಲಿ ಹೆಚ್ಚು ಕೊಲಾಜನ್ ಇಲ್ಲ. ಇದ್ದ ರಸವೂ ಆರಿ ಹೋಗುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದದ್ದು ಇದೇ. ರಂಪ್ ಎಂಬುದು ಸೊಂಟದ ಹಿಂದಿನ, ಕಾವಲಿಗೆ ಸೂಕ್ತವಾದ ದುಬಾರಿ ಮಾಂಸ. ಅದನ್ನು ಕುಕ್ಕರಿಗೆ ಹಾಕಿ ದುಡ್ಡೂ ಹೋಯಿತು, ರುಚಿಯೂ ಹೋಯಿತು.

ಆದ್ದರಿಂದ ನೆನಪಿಡಬೇಕಾದ ಮೊದಲ ಮಾತು: ನಮ್ಮ ಹೆಚ್ಚಿನ ಅಡುಗೆಗಳಿಗೆ ಬೇಕಾದದ್ದು ಗಾಜಿನ ಪೆಟ್ಟಿಗೆಯಲ್ಲಿ ಅಲಂಕರಿಸಿಟ್ಟ ದುಬಾರಿ ಮಾಂಸವಲ್ಲ, ಪಕ್ಕದಲ್ಲಿರುವ ಅಗ್ಗದ ಮಾಂಸ.

ಒಂದೇ ಹೆಸರು, ಎರಡು ಜಾಗ

ಗೊಂದಲಕ್ಕೆ ದೊಡ್ಡ ಕಾರಣ, ಒಂದೇ ಇಂಗ್ಲಿಷ್ ಪದವನ್ನು ಎರಡು ದೇಶದವರು ಎರಡು ಭಾಗಗಳಿಗೆ ಬಳಸುವುದು. ಬ್ರಿಟನ್ನಿನಲ್ಲಿ 'ಸರ್ಲಾಯಿನ್' ಎಂದರೆ ಪಕ್ಕೆಲುಬು ಮುಗಿದ ಮೇಲಿನ ಬೆನ್ನಿನ ಭಾಗ. ಅಮೇರಿಕದಲ್ಲಿ ಅದೇ ಭಾಗಕ್ಕೆ 'ಸ್ಟ್ರಿಪ್' ಅಥವಾ 'ನ್ಯೂಯಾರ್ಕ್ ಸ್ಟ್ರಿಪ್' ಎನ್ನುತ್ತಾರೆ. ಅಮೇರಿಕದವರು ಸರ್ಲಾಯಿನ್ ಎನ್ನುವುದು ಅದರ ಹಿಂದಿನ ಭಾಗಕ್ಕೆ. ಬ್ರಿಟನ್ನಿನಲ್ಲಿ ಅದು ರಂಪ್. ಅಮೇರಿಕದ ಅಡುಗೆ ಪುಸ್ತಕ ಹಿಡಿದು ಲಂಡನ್ನಿನಲ್ಲಿ ಮಾಂಸ ಕೊಂಡರೆ ಎಡವುವುದು ಇಲ್ಲೇ.

'ಫ್ಲ್ಯಾಂಕ್' ಎಂಬ ಪದವೂ ಹಾಗೆಯೇ. ಅಮೇರಿಕದಲ್ಲಿ ಅದು ಹೊಟ್ಟೆಯ ಭಾಗ. ಬ್ರಿಟನ್ನಿನ 'ಥಿಕ್ ಫ್ಲ್ಯಾಂಕ್' ತೊಡೆಯ ಮುಂಭಾಗ. 'ಪೋರ್ಟರ್‌ಹೌಸ್' ಎಂದರೆ ಅಮೇರಿಕದಲ್ಲಿ ಎಲುಬಿನ ಎರಡು ಬದಿಗೂ ಮಾಂಸವಿರುವ ದಪ್ಪ ತುಂಡು. ಆಸ್ಟ್ರೇಲಿಯದಲ್ಲಿ ಬೆನ್ನಿನ ಎಲುಬಿಲ್ಲದ ಮಾಂಸ.

'ಸ್ಟೇಕ್' ಎಂದು ಬರೆದದ್ದೆಲ್ಲ ಹುರಿಯುವ ಮಾಂಸವೆಂದು ತಿಳಿಯಬೇಡಿ. ಬ್ರಿಟನ್ನಿನ 'ಸ್ಟ್ಯೂಯಿಂಗ್ ಸ್ಟೇಕ್', 'ಬ್ರೇಸಿಂಗ್ ಸ್ಟೇಕ್' ಎರಡೂ ನಿಧಾನವಾಗಿ ಬೇಯಿಸಬೇಕಾದ ಗಟ್ಟಿ ಮಾಂಸ. ಅಮೇರಿಕದ 'ಚಕ್ ರೋಸ್ಟ್' ಹುರಿದಿಟ್ಟ ಮಾಂಸವಲ್ಲ. ಹಸಿ ಮಾಂಸದ ಇಡಿಯ ತುಂಡು. ಅಲ್ಲಿ 'ಸ್ಟ್ಯೂ ಮೀಟ್' ಎಂದು ಕತ್ತರಿಸಿಟ್ಟದ್ದರಲ್ಲಿ ಹಲವು ಭಾಗಗಳ ಚೂರು ಬೆರೆತಿರುವುದುಂಟು. ಒಂದು ಚೂರು ಬೆಂದಾಗ ಇನ್ನೊಂದು ಬೆಂದಿರುವುದಿಲ್ಲ. ಇಡಿಯ ಚಕ್ ತುಂಡನ್ನು ಕೊಂಡು ಮನೆಯಲ್ಲೇ ಕತ್ತರಿಸುವುದು ಮೇಲು.

ಈ ಹೆಸರುಗಳ ಅರ್ಥ ಹುಡುಕಿದರೆ ಹೆಚ್ಚಿನವು ಜಾಗವನ್ನೇ ಹೇಳುತ್ತವೆ. ಸರ್ಲಾಯಿನ್ ಹಳೆಯ ಫ್ರೆಂಚ್‌ನಿಂದ ಬಂದ ಪದ; ಸೊಂಟದ ಮೇಲಿನದು ಎಂದರ್ಥ. 'ಸಿಲ್ವರ್‌ಸೈಡ್' ಎಂಬ ಹೆಸರು ಬಂದದ್ದು ಅದರ ಒಂದು ಬದಿಯಲ್ಲಿರುವ ಬೆಳ್ಳಿಯಂತೆ ಹೊಳೆಯುವ ಪೊರೆಯಿಂದ. ಕತ್ತರಿಸುವ ಮೇಜಿನ ಮೇಲೆ ತೊಡೆಯನ್ನು ಮಲಗಿಸಿದಾಗ ಒಳತೊಡೆ ಮೇಲಕ್ಕೆ ಬರುತ್ತದೆ. ಆದ್ದರಿಂದ ಅದು 'ಟಾಪ್', ಹೊರತೊಡೆ 'ಬಾಟಮ್'. ಅಂದರೆ ನನ್ನ ವಿದ್ಯಾರ್ಥಿನಿ ಕೇಳಬೇಕಾಗಿದ್ದ ಹೆಸರು ಸಿಲ್ವರ್‌ಸೈಡ್.

ಗುರುತಿಗಾಗಿ ಒಂದು ಪಟ್ಟಿ

ಇದನ್ನು ಕತ್ತರಿಸಿ ವಿದೇಶದಲ್ಲಿರುವ ಮಗಳಿಗೋ ತಂಗಿಗೋ ಕಳುಹಿಸಿಕೊಡಬಹುದು.

ಕುತ್ತಿಗೆಯ ಬುಡ ಮತ್ತು ಭುಜ: ಬ್ರಿಟನ್, ಅಮೇರಿಕ, ಆಸ್ಟ್ರೇಲಿಯ ಮೂರೂ ಕಡೆ ಚಕ್, ಭುಜದ ಎಲುಬಿನ ಮೇಲಿನದು ಬ್ಲೇಡ್. ಬ್ರಿಟನ್ನಿನಲ್ಲಿ ಇದು ಬ್ರೇಸಿಂಗ್ ಸ್ಟೇಕ್ ಎಂಬ ಹೆಸರಿನಲ್ಲೂ ಸಿಗುತ್ತದೆ.

ಮೊಣಕಾಲಿನ ಕೆಳಗಿನ ಮಾಂಸ: ಬ್ರಿಟನ್ನಿನಲ್ಲಿ ಶಿನ್. ಅಮೇರಿಕದಲ್ಲಿ ಶ್ಯಾಂಕ್. ಆಸ್ಟ್ರೇಲಿಯದಲ್ಲಿ ಎಲುಬು ತೆಗೆದದ್ದು ಗ್ರೇವಿ ಬೀಫ್.

ಎದೆ: ಎಲ್ಲ ಕಡೆ ಬ್ರಿಸ್ಕೆಟ್.

ಪಕ್ಕೆಲುಬಿನ ಮೇಲಿನ ಬೆನ್ನು: ಬ್ರಿಟನ್ನಿನಲ್ಲಿ ಫೋರ್ ರಿಬ್, ಅಮೇರಿಕದಲ್ಲಿ ರಿಬ್. ಎಲುಬು ತೆಗೆದರೆ ಎರಡೂ ಕಡೆ ರಿಬ್ ಐ. ಆಸ್ಟ್ರೇಲಿಯದಲ್ಲಿ ಸ್ಕಾಚ್ ಫಿಲೆಟ್.

ಅದರ ಹಿಂದಿನ ಬೆನ್ನು: ಬ್ರಿಟನ್ನಿನಲ್ಲಿ ಸರ್ಲಾಯಿನ್. ಅಮೇರಿಕದಲ್ಲಿ ಸ್ಟ್ರಿಪ್. ಆಸ್ಟ್ರೇಲಿಯದಲ್ಲಿ ಸರ್ಲಾಯಿನ್ ಅಥವಾ ಪೋರ್ಟರ್‌ಹೌಸ್.

ಬೆನ್ನೆಲುಬಿನ ಒಳಬದಿಯ ಮೆದು ಮಾಂಸ: ಬ್ರಿಟನ್ನಿನಲ್ಲಿ ಫಿಲೆಟ್. ಅಮೇರಿಕದಲ್ಲಿ ಟೆಂಡರ್‌ಲಾಯಿನ್. ಆಸ್ಟ್ರೇಲಿಯದಲ್ಲಿ ಐ ಫಿಲೆಟ್.

ಸೊಂಟದ ಹಿಂಭಾಗ: ಬ್ರಿಟನ್ ಮತ್ತು ಆಸ್ಟ್ರೇಲಿಯದಲ್ಲಿ ರಂಪ್. ಅಮೇರಿಕದಲ್ಲಿ ಸರ್ಲಾಯಿನ್ ಅಥವಾ ಟಾಪ್ ಸರ್ಲಾಯಿನ್.

ಒಳತೊಡೆ: ಬ್ರಿಟನ್ ಮತ್ತು ಆಸ್ಟ್ರೇಲಿಯದಲ್ಲಿ ಟಾಪ್‌ಸೈಡ್. ಅಮೇರಿಕದಲ್ಲಿ ಟಾಪ್ ರೌಂಡ್. ಕೆನಡಾದಲ್ಲಿ ಇನ್‌ಸೈಡ್ ರೌಂಡ್.

ಹೊರತೊಡೆ: ಬ್ರಿಟನ್ ಮತ್ತು ಆಸ್ಟ್ರೇಲಿಯದಲ್ಲಿ ಸಿಲ್ವರ್‌ಸೈಡ್. ಅಮೇರಿಕದಲ್ಲಿ ಬಾಟಮ್ ರೌಂಡ್. ಕೆನಡಾದಲ್ಲಿ ಔಟ್‌ಸೈಡ್ ರೌಂಡ್.

ತೊಡೆಯ ಮುಂಭಾಗ: ಬ್ರಿಟನ್ನಿನಲ್ಲಿ ಥಿಕ್ ಫ್ಲ್ಯಾಂಕ್ ಅಥವಾ ಟಾಪ್ ರಂಪ್. ಅಮೇರಿಕದಲ್ಲಿ ಸರ್ಲಾಯಿನ್ ಟಿಪ್. ಆಸ್ಟ್ರೇಲಿಯದಲ್ಲಿ ನಕಲ್.

ಖೀಮಾ: ಬ್ರಿಟನ್ ಮತ್ತು ಆಸ್ಟ್ರೇಲಿಯದಲ್ಲಿ ಮಿನ್ಸ್. ಅಮೇರಿಕದಲ್ಲಿ ಗ್ರೌಂಡ್ ಬೀಫ್.

ಖೀಮಾದ ಪೊಟ್ಟಣದಲ್ಲಿರುವ ಅಂಕೆಗಳನ್ನೂ ಗಮನಿಸಿ. ಬ್ರಿಟನ್ನಿನ ಪೊಟ್ಟಣದಲ್ಲಿ ಕೊಬ್ಬಿನ ಪ್ರಮಾಣ ಬರೆದಿರುತ್ತದೆ: ಶೇ. 5, ಶೇ. 12, ಶೇ. 20 ಎಂದು. ಅಮೇರಿಕದಲ್ಲಿ '80/20' ಎಂದಿದ್ದರೆ 80 ಭಾಗ ಮಾಂಸ, 20 ಭಾಗ ಕೊಬ್ಬು. ಶೀಕ್ ಕಬಾಬಿಗೆ 20 ಭಾಗ ಕೊಬ್ಬಿರುವುದೇ ಒಳ್ಳೆಯದು, ಇಲ್ಲದಿದ್ದರೆ ಕಬಾಬ್ ಒಣಗುತ್ತದೆ. ಸಮೋಸಕ್ಕೆ ಕೊಬ್ಬು ಕಡಿಮೆಯಿರುವುದು ಸಾಕು. ಅಮೇರಿಕದಲ್ಲಿ ತೂಕ ಪೌಂಡ್ ಲೆಕ್ಕದಲ್ಲಿ. ನಮ್ಮ ಒಂದು ಕಿಲೋ ಎಂದರೆ ಸುಮಾರು 2.2 ಪೌಂಡ್.

ಕೊಲ್ಲಿ ನಾಡಿನಲ್ಲಿ

ನಮ್ಮ ಕರಾವಳಿಯಿಂದ ಹೆಚ್ಚು ಕುಟುಂಬಗಳು ಹೋಗಿರುವುದು ಕೊಲ್ಲಿ ರಾಷ್ಟ್ರಗಳಿಗೆ. ಅಲ್ಲಿ ಆಸ್ಟ್ರೇಲಿಯ, ಬ್ರೆಝಿಲ್, ಪಾಕಿಸ್ತಾನ, ಭಾರತ ಹೀಗೆ ಹಲವು ದೇಶಗಳ ಮಾಂಸ ಒಂದೇ ಅಂಗಡಿಯಲ್ಲಿರುತ್ತದೆ. ಯಾವ ದೇಶದಿಂದ ಬಂತೋ ಆ ದೇಶದ ಹೆಸರೇ ಚೀಟಿಯಲ್ಲಿರುವುದುಂಟು. ಭಾರತದಿಂದ ಹೋಗುವುದು ಎಲುಬಿಲ್ಲದ ಎಮ್ಮೆ-ಕೋಣದ ಮಾಂಸ. ಗೋಮಾಂಸದ ರಫ್ತಿಗೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ.

ನಾನು ಸೌದಿಯಲ್ಲಿರುವ ತಮ್ಮನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಮದ್ರಸದಲ್ಲಿ ಕಲಿತ ಅರಬಿ ಮಾಂಸದಂಗಡಿಯಲ್ಲಿ ಉಪಯೋಗಕ್ಕೆ ಬರಬಹುದೆಂದು ನಾನು ಎಣಿಸಿರಲಿಲ್ಲ. 'ರಕಬ' ಎಂದರೆ ಕುತ್ತಿಗೆ, 'ಕತಿಫ್' ಎಂದರೆ ಭುಜ, 'ಸದ್ರ್' ಎಂದರೆ ಎದೆ, 'ಫಖಿದ್' ಎಂದರೆ ತೊಡೆ. ಪಾಠದಲ್ಲಿ ಉರು ಹೊಡೆದ ಪದಗಳೇ ಗಾಜಿನ ಆಚೆ ಸಾಲಾಗಿದ್ದವು. ಪ್ರವಾದಿವರ್ಯರಿಗೆ(ಸ) ಮುಂಗಾಲಿನ ಮಾಂಸ ಇಷ್ಟವಾಗಿತ್ತೆಂದು ಹದೀಸ್ ಪಾಠದಲ್ಲಿ ಓದಿದ್ದು ನೆನಪಾಯಿತು.

ಹಾಗೆಂದು ಪುಸ್ತಕದ ಅರಬಿ ಎಲ್ಲ ಕಡೆಯೂ ಸಾಲಲಿಲ್ಲ. ಒಂದು ತಟ್ಟೆಯ ಮೇಲೆ 'ಮೋಝ' ಎಂದು ಬರೆದಿತ್ತು. ನನಗೆ ಗೊತ್ತಿದ್ದಂತೆ ಅದು ಬಾಳೆಹಣ್ಣು! ಮಾಂಸದ ನಡುವೆ ಬಾಳೆಹಣ್ಣು ಎಲ್ಲಿಂದ ಬಂತು? ಈಜಿಪ್ಟಿನ ಅಂಗಡಿಯವನು ತನ್ನ ಮೊಣಕಾಲಿನ ಕೆಳಗೆ ಕೈ ತೋರಿಸಿ ನಕ್ಕ. ಕಾಲಿನ ದುಂಡು ಮಾಂಸಕ್ಕೆ ಅಲ್ಲಿ ಆ ಹೆಸರು. ಇಂಗ್ಲಿಷಿನಲ್ಲಿ ಶ್ಯಾಂಕ್ ಎನ್ನುವುದು ಇದನ್ನೇ. ಆ ಬಳಿಕ ನಾನೂ ಅದೇ ಉಪಾಯ ಹಿಡಿದೆ. ಪದ ಗೊತ್ತಿಲ್ಲದಿದ್ದರೆ ನನ್ನದೇ ಭುಜ, ಮೊಣಕಾಲು ತೋರಿಸಿ ಕೇಳುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ.

ಇನ್ನೂ ಕೆಲವು ಪದಗಳು: 'ಲಹ್ಮ್ ಬಕರ್' ದನದ ಮಾಂಸ, 'ಲಹ್ಮ್ ಇಜ್ಲ್' ಕರುವಿನ ಮಾಂಸ, 'ಮಫ್ರೂಮ್' ಖೀಮಾ, 'ಬಿದೂನ್ ಅಝ್ಮ್' ಎಲುಬಿಲ್ಲದ್ದು.

ಬೋಟಿ ಕೇಳಿದರೆ

ಬ್ರಿಟನ್ನಿನ ಹಲಾಲ್ ಅಂಗಡಿಗಳಲ್ಲಿ ಪಾಕಿಸ್ತಾನ ಮೂಲದವರು ಅನೇಕರಿದ್ದಾರೆ. ಉರ್ದು ಬಲ್ಲವರಿಗೆ ಅಲ್ಲಿ ಧೈರ್ಯ ಬರುತ್ತದೆ. ಆದರೆ ಆ ಧೈರ್ಯವೂ ಮೋಸ ಮಾಡಬಹುದು. ನಮ್ಮ ದಖನಿಯಲ್ಲಿ ಬೋಟಿ ಎಂದರೆ ಕರುಳು, ಹೊಟ್ಟೆಯ ಭಾಗ. ಅವರ ಉರ್ದುವಿನಲ್ಲಿ ಬೋಟಿ ಎಂದರೆ ಮಾಂಸದ ತುಂಡು. ನಮ್ಮ ಬೋಟಿಗೆ ಅವರು 'ಓಝಡಿ' ಎನ್ನುತ್ತಾರೆ, ಇಂಗ್ಲಿಷಿನಲ್ಲಿ 'ಟ್ರೈಪ್'. ಹಾಗೆಯೇ ಅವರ 'ಬೋಂಗ್' ಎಂದರೆ ಕಾಲಿನ ದುಂಡು ಮಾಂಸ, 'ಅಂಡರ್‌ಕಟ್' ಎಂದರೆ ಫಿಲೆಟ್. ಪಾಯ ಬೇಕಿದ್ದವರು 'ಕೌ ಫುಟ್' ಎಂದು ಕೇಳಿದರೆ ಸಾಕು. ವೆಸ್ಟ್ ಇಂಡೀಸ್ ಮೂಲದವರೂ ಅದನ್ನು ಪ್ರೀತಿಯಿಂದ ಬೇಯಿಸಿ ತಿನ್ನುವುದರಿಂದ ಆ ಹೆಸರು ಅಂಗಡಿಯವರಿಗೆ ಪರಿಚಿತ.

ಯಾವ ಅಡುಗೆಗೆ ಯಾವುದು?

ಗಸಿ, ಖಾಲಿಯಾ ಮತ್ತು ಬಿರಿಯಾನಿಗೆ ಚಕ್ ಅಥವಾ ಬ್ಲೇಡ್. ಇದರಲ್ಲಿ ಕೊಬ್ಬು, ನಾರು, ಮಾಂಸ ಮೂರೂ ಹದವಾಗಿರುತ್ತವೆ. ಯಾವುದು ಕೊಳ್ಳಬೇಕೆಂದು ತಿಳಿಯದೆ ಹೋದರೆ ಚಕ್ ಕೊಳ್ಳಿ, ಹೆಚ್ಚಾಗಿ ಸೋಲುವುದಿಲ್ಲ.

ನಹಾರಿ, ಹಲೀಮ್‌ಗೆ ಶಿನ್ ಅಥವಾ ಶ್ಯಾಂಕ್. ಎಲುಬಿನೊಂದಿಗೆ ಅಡ್ಡಲಾಗಿ ಕತ್ತರಿಸಿದರೆ ನಲ್ಲಿಯ ಮಜ್ಜೆಯೂ ಸಿಗುತ್ತದೆ. ದಾಲ್ಚಾಕ್ಕೆ ಪಕ್ಕೆಲುಬಿನ 'ಶಾರ್ಟ್ ರಿಬ್' ಅಥವಾ ಕುತ್ತಿಗೆ. ಪಸಂದೆಗೆ ಟಾಪ್‌ಸೈಡ್, ಅಂದರೆ ಅಮೇರಿಕದ ಟಾಪ್ ರೌಂಡ್. ನಾರಿಗೆ ಅಡ್ಡವಾಗಿ ತೆಳ್ಳಗೆ ಕತ್ತರಿಸಿ ಹಸಿ ಪಪ್ಪಾಯಿ ಹಚ್ಚಿಡಬೇಕು. ಸಿಲ್ವರ್‌ಸೈಡ್ ಅಗ್ಗ, ಆದರೆ ಕೊಬ್ಬು ಕಡಿಮೆ. ಅದನ್ನು ಗಸಿಗೆ ಹಾಕುವುದಾದರೆ ರಸ ಧಾರಾಳವಿರಲಿ, ಉರಿ ಸಣ್ಣದಿರಲಿ.

ಬೇಯಿಸುವ ಹೊತ್ತು ಬೇರೆ

ಮಾಂಸದ ಭಾಗ ಸರಿಯಾಗಿದ್ದರೂ ಊರಿನ ಲೆಕ್ಕದಲ್ಲಿ ಬೇಯಿಸಿದರೆ ಕೆಡಬಹುದು. ಇದಕ್ಕೆ ಕಾರಣ ಪ್ರಾಣಿಯ ವಯಸ್ಸು. ನಮ್ಮ ರಾಜ್ಯದಲ್ಲಿ 1964ರ ಕಾನೂನಿನಂತೆ 12 ವರ್ಷ ದಾಟಿದ ಅಥವಾ ದುಡಿಮೆಗೆ ಬಾರದ ಎತ್ತು, ಕೋಣ, ಎಮ್ಮೆಗಳಿಗಷ್ಟೇ ಅವಕಾಶವಿತ್ತು. 2020ರ ಕಾನೂನು ಬಂದ ಮೇಲೆ ಅದು 13 ವರ್ಷ ದಾಟಿದ ಎಮ್ಮೆ-ಕೋಣಗಳಿಗೆ ಸೀಮಿತವಾಯಿತು. ವಯಸ್ಸಾದಂತೆ ಕೊಲಾಜನ್ ಬಿಗಿಯಾಗುತ್ತದೆ. ಆದ್ದರಿಂದಲೇ ನಮ್ಮ ತಾಯಂದಿರು ಕುಕ್ಕರಿನ ಸೀಟಿಗಳನ್ನು ಎಣಿಸುತ್ತಾ ಕಾಯುತ್ತಿದ್ದರು. ಬ್ರಿಟನ್, ಅಮೇರಿಕಗಳಲ್ಲಿ ಮಾಂಸಕ್ಕಾಗಿಯೇ ಸಾಕಿದ ದನಗಳನ್ನು ಸಾಮಾನ್ಯವಾಗಿ ಎರಡೂವರೆ ವರ್ಷ ದಾಟುವ ಮೊದಲೇ ಕೊಯ್ಯುತ್ತಾರೆ. ಎಳೆಯ ಮಾಂಸ ಬೇಗ ಬೇಯುತ್ತದೆ.

ನನ್ನ ವಿದ್ಯಾರ್ಥಿನಿ ಆಮೇಲೆ ಕಂಡುಕೊಂಡ ಲೆಕ್ಕ ಹೀಗಿದೆ: ಕುಕ್ಕರಿನಲ್ಲಿ ಚಕ್ ತುಂಡುಗಳಿಗೆ 20ರಿಂದ 25 ನಿಮಿಷ, ಶಿನ್‌ಗೆ 40 ನಿಮಿಷ. ತೆರೆದ ಪಾತ್ರೆಯಲ್ಲಾದರೆ ಸಣ್ಣ ಉರಿಯಲ್ಲಿ ಚಕ್‌ಗೆ ಎರಡು ಗಂಟೆ, ಶಿನ್‌ಗೆ ಮೂರು ಗಂಟೆ. ಮೊದಲ ಸಲ ಕಡಿಮೆ ಹೊತ್ತು ಬೇಯಿಸಿ ಒಂದು ತುಂಡನ್ನು ಒತ್ತಿ ನೋಡುವುದು ಉತ್ತಮ. ಬೇಯದ್ದನ್ನು ಮತ್ತೆ ಬೇಯಿಸಬಹುದು. ರಂಪ್‌ನಂತಹ ತೆಳು ಕೊಬ್ಬಿನ ಮಾಂಸ ಒಮ್ಮೆ ಒಣಗಿದರೆ ಮತ್ತೆ ಮೆದುವಾಗದು.

ಕೇಳುವುದಕ್ಕೆ ನಾಚಿಕೆ ಬೇಡ

ಮುಸ್ಲಿಮೇತರ ದೇಶಗಳಲ್ಲಿ ಮೊದಲ ಪ್ರಶ್ನೆ ಹಲಾಲ್‌ನದ್ದೇ ಆಗಿರಬೇಕು. ಬ್ರಿಟನ್ನಿನಲ್ಲಿ 1994ರಲ್ಲಿ ಸ್ಥಾಪನೆಯಾದ ಹಲಾಲ್ ಫುಡ್ ಅಥಾರಿಟಿ, 2003ರಲ್ಲಿ ಆರಂಭವಾದ ಹಲಾಲ್ ಮಾನಿಟರಿಂಗ್ ಕಮಿಟಿ ಎಂಬ ಸಂಸ್ಥೆಗಳು ಪ್ರಮಾಣಪತ್ರ ನೀಡುತ್ತವೆ. ಕೊಯ್ಯುವ ಮೊದಲು ಪ್ರಾಣಿಯ ಪ್ರಜ್ಞೆ ತಪ್ಪಿಸುವ ವಿಷಯದಲ್ಲಿ ಇವೆರಡರ ನಿಲುವು ಬೇರೆ ಬೇರೆ. ಆದ್ದರಿಂದ ಗೋಡೆಯಲ್ಲಿ ಪ್ರಮಾಣಪತ್ರ ಇದೆಯೇ, ಅದು ಯಾರದ್ದು ಎಂದು ನೋಡಿಕೊಳ್ಳಿ. ಹಂದಿ ಮಾಂಸವನ್ನೂ ಮಾರುವ ಕಡೆ ಖೀಮಾ ಯಂತ್ರ, ಚೂರಿ ಒಂದೇ ಆಗಿರಬಹುದೆಂಬುದು ನೆನಪಿರಲಿ.

ಎರಡನೆಯ ಪ್ರಶ್ನೆ, ಇದು ಯಾವ ಕಡೆಯ ಮಾಂಸ? ಮೂರನೆಯದು, ಇದನ್ನು ಎಷ್ಟು ಹೊತ್ತು ಬೇಯಿಸಬೇಕು? ಮಾಂಸದ ಹೆಸರಿನಿಂದ ಶುರು ಮಾಡುವ ಬದಲು, "ಎರಡು ಗಂಟೆ ಬೇಯಿಸುವ ಸಾರು ಮಾಡುತ್ತೇನೆ, ಯಾವುದು ಕೊಡುತ್ತೀರಿ?" ಎಂದು ಅಡುಗೆಯನ್ನೇ ಹೇಳಿದರೆ ಇನ್ನೂ ಸುಲಭ. ಕಸುಬು ಬಲ್ಲ ಅಂಗಡಿಯವರು ಇಂತಹ ಪ್ರಶ್ನೆಗೆ ಬೇಸರಿಸುವುದಿಲ್ಲ. ಹಿಂದೆ ಸಾಲು ಇದ್ದರೆ ಇರಲಿ. ದುಡ್ಡು ಕೊಡುವವರು ನಾವು, ಉಣ್ಣುವವರು ನಮ್ಮ ಮಕ್ಕಳು.

ಆ ವರ್ಷದ ಬಕ್ರೀದ್ ಮುಗಿದ ಮೇಲೆ ನನ್ನ ವಿದ್ಯಾರ್ಥಿನಿ ಅದೇ ಮೂರು ಕುಟುಂಬಗಳನ್ನು ಮತ್ತೆ ಊಟಕ್ಕೆ ಕರೆದಳು. ಈ ಸಲ ಶಿನ್ ಮತ್ತು ಚಕ್ ಅರ್ಧರ್ಧ ತಂದಿದ್ದಳು. ತಾಯಿ ಫೋನಿನಲ್ಲಿ ಇದ್ದರು. ಮಾಂಸದ ತುಂಡನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದಾಗ, "ಹಾಂ, ಇದೇ. ಈ ಬಿಳಿ ನಾರನ್ನು ಕತ್ತರಿಸಿ ಬಿಸಾಡಬೇಡ, ರಸಕ್ಕೆ ರುಚಿ ಕೊಡುವುದೇ ಅದು" ಎಂದರಂತೆ. ಇಂಗ್ಲಿಷ್ ಬಾರದ ಆ ತಾಯಿ ಈಗ ಶಿನ್, ಚಕ್ ಎಂದು ಸರಾಗವಾಗಿ ಹೇಳುತ್ತಾರೆ.

ಮಗಳನ್ನು ಮದುವೆ ಮಾಡಿ ದೂರ ದೇಶಕ್ಕೆ ಕಳುಹಿಸುವ ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಮಸಾಲೆ ಪುಡಿಯ ಡಬ್ಬಗಳನ್ನು ಕಟ್ಟಿಕೊಡುವ ಮೊದಲು ಒಂದು ದಿನ ಮನೆಗೆ ಬಂದ ಮಾಂಸವನ್ನು ಅವಳ ಮುಂದೆ ಹರಡಿ. ಇದು ಭುಜದ್ದು, ಇದು ಕಾಲಿನದ್ದು, ಇದು ಇಷ್ಟು ಹೊತ್ತು ಬೇಯಬೇಕು ಎಂದು ಮುಟ್ಟಿಸಿ ತೋರಿಸಿ. ಸಾಧ್ಯವಾದರೆ ತಂದೆಯ ಜೊತೆ ಒಮ್ಮೆ ಅಂಗಡಿಗೂ ಕಳುಹಿಸಿ. ಗಂಡುಮಕ್ಕಳಿಗೂ ಇದನ್ನು ಕಲಿಸಿದರೆ ನಷ್ಟವೇನಿಲ್ಲ. ವಿದೇಶದಲ್ಲಿ ಒಂಟಿಯಾಗಿದ್ದು ಓದುವ, ದುಡಿಯುವ ಹುಡುಗರೂ ನಮ್ಮ ಮನೆಗಳಲ್ಲಿ ಬೇಕಾದಷ್ಟಿದ್ದಾರೆ.